ಸಮಾಜಸೇವೆಗೂ ಪದವಿ ಬೇಕೇ? – ಸಮುದಾಯಾಭಿವೃದ್ಧಿಯ ವ್ಯಾಸಂಗವನ್ನು ಕುರಿತು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇರುವರೆಂದೂ, ನಾನು ನಮ್ಮ ಮಕ್ಕಳ ಮುಂದಿನ ವ್ಯಾಸಂಗಕ್ಕೆ ಉಪಯೋಗವಾಗುವ ಯಾವುದಾದರೊಂದು ವಿಷಯವನ್ನು ಬರೆಯುವೆನೆಂದೂ ಒಪ್ಪಿಕೊಂಡೆ. ವಿಷಯವನ್ನು ಆರಿಸಿಕೊಟ್ಟವರು ಮಾತ್ರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು. ಸಿಪ್‌ಕಾಟ್‌ನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಅವರು ಒಂದು ಭಾನುವಾರ ಬೆಳಿಗ್ಗೆ ಬಿ.ಎ. ಮುಗಿಸಿದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಕುಶಲ ಪ್ರಶ್ನೆಗಳಾದ ಮೇಲೆ, "ಸಾರ್, ಇವಳು ಎಂ.ಎಸ್.ಡಬ್ಲ್ಯೂ. ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಹಳ್ಳಿ ಜನಕ್ಕೆ ಸೇವೆ ಮಾಡೋದಕ್ಕೂ ಡಿಗ್ರಿ ಬೇಕಾ ಸಾರ್? ನೀವಾದ್ರೂ ಬುದ್ಧಿ ಹೇಳಿ" ಎಂದರು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಆದರೆ ಹಟ ಬಿಡುವವಳಂತೆ ಕಾಣಲಿಲ್ಲ.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿದೆ. ಮೂವತ್ತು ವರ್ಷಗಳಿಗೂ ಹಿಂದೆ ಇದೇ ಜಗಲಿಯ ಮೇಲೆ ಇದೇ ಪ್ರಶ್ನೆಯನ್ನು ತಂದ ಇನ್ನೊಬ್ಬ ಹುಡುಗನಿಗೆ, "ಸೇವೆ ಮಾಡುವವನಿಗೆ ಮನಸ್ಸಿದ್ದರೆ ಸಾಕಪ್ಪಾ, ಮನೆ ನಡೆಯಬೇಕಲ್ಲ, ಬಿ.ಎಡ್. ಮಾಡು" ಎಂದು ಹೇಳಿ ಕಳುಹಿಸಿದ್ದೆ. ಆತ ನನ್ನ ಮಾತನ್ನು ಕೇಳಿದ. ಸೀಟೂ ದೊರೆಯಲಿಲ್ಲ, ಶಿಕ್ಷಕನೂ ಆಗಲಿಲ್ಲ. ಕೊನೆಗೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತ. ಊರಿನಲ್ಲಿ ಯಾರ ಮನೆಯಲ್ಲಿ ಜಗಳವಾದರೂ, ಯಾರಿಗೆ ಪಿಂಚಣಿ ನಿಂತುಹೋದರೂ ಜನ ಇಂದಿಗೂ ಅವನ ಬಳಿಗೇ ಹೋಗುತ್ತಾರೆ. ನಾನು ಅಂದು ಆ ವ್ಯಾಸಂಗದ ವಿಷಯವಾಗಿ ಒಂದಕ್ಷರವನ್ನೂ ತಿಳಿಯದೆ ಹೇಳಿದ ಬುದ್ಧಿವಾದ ಅದು. ಆದುದರಿಂದ ಈ ಸಲ ತಂದೆ ಮಗಳಿಬ್ಬರಿಗೂ ಹದಿನೈದು ದಿನಗಳ ಅವಕಾಶ ಕೇಳಿ, ಪುಸ್ತಕಗಳನ್ನು ತರಿಸಿ ಓದಿದೆ, ಬಲ್ಲವರನ್ನು ವಿಚಾರಿಸಿದೆ. ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಈ ಶಾಸ್ತ್ರವನ್ನು ಬೋಧಿಸುವವರು 'ಸಮಾಜಸೇವೆ' ಎಂಬ ಪದವನ್ನು ಬಳಸುವುದಿಲ್ಲ, 'ಸಮಾಜಕಾರ್ಯ' ಎನ್ನುತ್ತಾರೆ. ಜಾತ್ರೆಯಲ್ಲಿ ಪಾನಕ ಹಂಚುವುದು ಸೇವೆ. ಪ್ರತಿ ಬೇಸಗೆಯಲ್ಲಿ ಒಂದೇ ಕೇರಿಗೆ ನೀರು ಬಾರದಿರುವುದೇಕೆ ಎಂದು ಆ ಕೇರಿಯವರೇ ಕುಳಿತು ವಿಚಾರಮಾಡಿ, ತಾವೇ ಮುಂದೆ ಬಂದು ಅದನ್ನು ಸರಿಪಡಿಸಿಕೊಳ್ಳುವಂತೆ ಅವರ ಜೊತೆ ನಿಲ್ಲುವುದು ಕಾರ್ಯ. ಹೀಗೆ ಒಂದು ಊರು, ಒಂದು ಕೇರಿ, ಒಂದು ಜನವರ್ಗವನ್ನು ಘಟಕವಾಗಿಟ್ಟುಕೊಂಡು ಮಾಡುವ ಕೆಲಸಕ್ಕೆ ಸಮುದಾಯ ಸಂಘಟನೆ, ಸಮುದಾಯಾಭಿವೃದ್ಧಿ ಎಂದು ಹೆಸರು. ವಿಶ್ವವಿದ್ಯಾಲಯಗಳಲ್ಲಿ ಇದು ಸಮಾಜಕಾರ್ಯದ ಪದವಿಯೊಳಗಿನ ವಿಶೇಷ ವಿಭಾಗವಾಗಿಯೋ, ಗ್ರಾಮೀಣಾಭಿವೃದ್ಧಿ ಎಂಬ ಪ್ರತ್ಯೇಕ ಪದವಿಯಾಗಿಯೋ ಇರುತ್ತದೆ.

ನಮ್ಮ ದೇಶದಲ್ಲಿ 'ಸಮುದಾಯಾಭಿವೃದ್ಧಿ' ಎಂಬ ಮಾತು ಮನೆಮಾತಾದದ್ದು ಸರಕಾರದ ಮೂಲಕ. 1952ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ದೇಶದ 55 ಯೋಜನಾ ಪ್ರದೇಶಗಳಲ್ಲಿ ಆ ಹೆಸರಿನ ಕಾರ್ಯಕ್ರಮ ಆರಂಭವಾಯಿತು. ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ ಮುಂತಾದ ಮಾತುಗಳು ಆಗ ಹಳ್ಳಿಗೆ ಬಂದವು. ಐದು ವರ್ಷಗಳ ನಂತರ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿಯು ಈ ಕಾರ್ಯಕ್ರಮವನ್ನು ಪರಿಶೀಲಿಸಿ, ಹಳ್ಳಿಯ ಜನ ಇದನ್ನು ತಮ್ಮದೆಂದು ಭಾವಿಸಿಯೇ ಇಲ್ಲವೆಂಬುದನ್ನು ಎತ್ತಿ ತೋರಿಸಿ, ಚುನಾಯಿತ ಪಂಚಾಯಿತಿಗಳ ಕೈಗೆ ಅಧಿಕಾರ ಕೊಡಬೇಕೆಂದು ಶಿಫಾರಸು ಮಾಡಿತು. ನಮ್ಮ ಕಡೆಯ ಪಂಚಾಯಿತಿ ಯೂನಿಯನ್‌ಗಳು 1958ರ ಮದರಾಸು ಪಂಚಾಯಿತಿ ಕಾಯ್ದೆಯಿಂದ ಬಂದವು. ಇಂದು ಹೊಸೂರು, ಶೂಲಗಿರಿ, ಕೆಲಮಂಗಲ, ತಳಿ, ವೇಪನಪಳ್ಳಿ ಮೊದಲಾದ ಹತ್ತು ಯೂನಿಯನ್‌ಗಳು ಕೃಷ್ಣಗಿರಿ ಜಿಲ್ಲೆಯಲ್ಲಿವೆ.

ಜನ ಏಕೆ ತಮ್ಮದೆಂದು ಭಾವಿಸಲಿಲ್ಲ? ಇದಕ್ಕೆ ಸಮಿತಿಯ ವರದಿಗಿಂತ ಚೆನ್ನಾದ ಉತ್ತರ ನನ್ನ ಸ್ವಂತ ಅನುಭವದಲ್ಲಿದೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಪ್ರಾರಂಭವಾಯಿತು. ನಾನಾಗ ಮೂವತ್ತರೊಳಗಿನ ಉತ್ಸಾಹಿ ಶಿಕ್ಷಕ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಓದಿ, ಶಿಕ್ಷಕ ತರಬೇತಿ ಮುಗಿಸಿ ಬಂದವನಿಗೆ, ಜಗತ್ತಿನ ಸಕಲ ಕಷ್ಟಗಳಿಗೂ ಅಕ್ಷರವೇ ಔಷಧವೆಂಬ ನಂಬಿಕೆ. ತಳಿಯ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಶಾಲೆ ತೆರೆದೆ. ದೇವಸ್ಥಾನದ ಅಂಗಳ, ಒಂದು ಲಾಟೀನು, ಹನ್ನೆರಡು ಸ್ಲೇಟು. ಮನೆಯಲ್ಲಿ ಕನ್ನಡವನ್ನೂ ಕೇರಿಯಲ್ಲಿ ತೆಲುಗನ್ನೂ ಆಡುವ ಆ ಜನಕ್ಕೆ ಹಂಚಲು ನನಗೆ ಕೊಟ್ಟಿದ್ದುದು ತಮಿಳು ವಾಚಕ. ಸಂಜೆ ಏಳಕ್ಕೆ ಪಾಠ ಎಂದು ನಾನೇ ಗೊತ್ತುಮಾಡಿದೆ. ಹೆಂಗಸರು ಮೊದಲ ದಿನ ಬಂದು ಇಣುಕಿ ಹೋದವರು ಮತ್ತೆ ಬರಲಿಲ್ಲ. ತಿಂಗಳು ಕಳೆಯುವುದರೊಳಗೆ ಮೂವರು ಮುದುಕರು ಉಳಿದರು. ಅವರೂ ಲಾಟೀನಿನ ಬೆಳಕಿನಲ್ಲಿ ಮಾತನಾಡಿಕೊಳ್ಳಲು ಬರುತ್ತಿದ್ದವರು. ಶಾಲೆಯನ್ನು ಮುಚ್ಚುವ ದಿನ ದಾಖಲೆ ಪುಸ್ತಕದಲ್ಲಿ "ಜನರಿಗೆ ಆಸಕ್ತಿ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಏಳು ಗಂಟೆಗೆ ಆ ಊರಿನ ಹೆಂಗಸರು ಎಲ್ಲಿರುತ್ತಾರೆ, ಏನು ಮಾಡುತ್ತಿರುತ್ತಾರೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಈ ಕೇಳುವ ವಿದ್ಯೆಯೇ ಆ ಪದವಿಯ ತಿರುಳೆಂದು ಈಗ ತಿಳಿಯುತ್ತಿದ್ದೇನೆ. ಎಂ.ಎಸ್.ಡಬ್ಲ್ಯೂ. ಎಂಬುದು ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ಸ್ನಾತಕೋತ್ತರ ಪದವಿ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವ ಪದವೀಧರರೂ ಸೇರಬಹುದು. ಪ್ಲಸ್ ಟೂ ಆದ ಕೂಡಲೇ ಸೇರಲು ಬಿ.ಎಸ್.ಡಬ್ಲ್ಯೂ. ಎಂಬ ಪದವಿಯೂ ಉಂಟು. ಒಬ್ಬ ವ್ಯಕ್ತಿಯ ಅಥವಾ ಕುಟುಂಬದ ಕಷ್ಟವನ್ನು ಅರಿತು ನೆರವಾಗುವ ವ್ಯಕ್ತಿಗತ ಸಮಾಜಕಾರ್ಯ, ಗುಂಪುಗಳನ್ನು ಕಟ್ಟಿ ನಡೆಸುವ ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜ ಸಂಶೋಧನೆ, ಕಲ್ಯಾಣ ಸಂಸ್ಥೆಗಳ ಆಡಳಿತ ಇವು ಮುಖ್ಯ ಪಾಠಗಳು. ಜೊತೆಗೆ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು ತಕ್ಕಮಟ್ಟಿಗೆ. ಇಷ್ಟೇ ಆಗಿದ್ದರೆ ಇದೂ ಬಾಯಿಪಾಠದ ಪದವಿಗಳ ಸಾಲಿಗೆ ಸೇರಿಬಿಡುತ್ತಿತ್ತು. ಬೇರೆ ಪದವಿಗಳಿಂದ ಇದನ್ನು ಪ್ರತ್ಯೇಕಿಸುವುದು ಕ್ಷೇತ್ರಕಾರ್ಯ. ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ವಿದ್ಯಾರ್ಥಿಯು ತರಗತಿಯನ್ನು ಬಿಟ್ಟು ಒಂದು ಹಳ್ಳಿಗೋ ಕೊಳೆಗೇರಿಗೋ ಆಸ್ಪತ್ರೆಗೋ ಹೋಗಿ ಕೆಲಸ ಮಾಡಬೇಕು. ನಡುವೆ ಒಂದು ಗ್ರಾಮೀಣ ಶಿಬಿರ. ಕೊನೆಯಲ್ಲಿ ಸುಮಾರು ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿದ್ದು ಪೂರ್ಣಾವಧಿಯ ಕೆಲಸ. ಪ್ರತಿ ಭೇಟಿಯ ವರದಿಯನ್ನು ಬರೆದು ಅಧ್ಯಾಪಕರಿಗೆ ಒಪ್ಪಿಸಬೇಕು. ಅವರು ಅದನ್ನು ಓದಿ, "ನೀನು ಕೇಳಿದ ಪ್ರಶ್ನೆಯಲ್ಲೇ ಉತ್ತರ ಅಡಗಿತ್ತಲ್ಲ, ಆಕೆ ಹೌದೆನ್ನದೆ ಇನ್ನೇನು ಹೇಳಬೇಕು?" ಎಂಬಂತಹ ಟಿಪ್ಪಣಿಗಳನ್ನು ಬರೆಯುತ್ತಾರೆ. ನನ್ನ ರಾತ್ರಿ ಶಾಲೆಯ ದಾಖಲೆಯನ್ನು ಅಂಥವರೊಬ್ಬರು ಓದಿದ್ದರೆ ಕೆಂಪು ಶಾಯಿ ಸಾಲುತ್ತಿರಲಿಲ್ಲ.

ಊರನ್ನು ತಿಳಿಯುವ ಕ್ರಮವೂ ಪಾಠದಲ್ಲಿ ಸೇರಿದೆ. ನಮ್ಮ ಪ್ರಾಂತದ ಹಳ್ಳಿಗಳನ್ನು ಹಿಂದೆ ಯಾರೂ ಅಳೆಯಲಿಲ್ಲವೆಂದಲ್ಲ. 1792ರಲ್ಲಿ ಬಾರಾಮಹಲ್ ಟಿಪ್ಪೂ ಸುಲ್ತಾನನಿಂದ ಕಂಪೆನಿಯವರ ಕೈಸೇರಿದಾಗ ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಹಳ್ಳಿ ಹಳ್ಳಿ ತಿರುಗಿ ಹೊಲಗಳನ್ನು ಅಳೆಸಿದರು. ರೈತವಾರಿ ಪದ್ಧತಿಯ ಬೇರು ಇಲ್ಲಿಯೇ ಇದೆ. ಆದರೆ ಅದು ಕಂದಾಯಕ್ಕಾಗಿ ಅಳೆದದ್ದು; ನಕ್ಷೆ ಕಚೇರಿಗೆ ಹೋಯಿತು. ಈಗಿನ ವಿದ್ಯಾರ್ಥಿಗಳು ಕಲಿಯುವ ಪಿ.ಆರ್.ಎ. ಎಂಬ ಸಹಭಾಗಿತ್ವದ ಪದ್ಧತಿಯಲ್ಲಿ ನಕ್ಷೆಯನ್ನು ಬಿಡಿಸುವವರು ಊರಿನವರೇ. ಅಂಗಳವನ್ನು ಗುಡಿಸಿ, ರಂಗೋಲಿ ಪುಡಿಯಿಂದ ಬೀದಿ, ಕೆರೆ, ಹೊಲ, ಮನೆಗಳನ್ನು ಹಾಕುತ್ತಾರೆ. ಯಾವ ತಿಂಗಳಲ್ಲಿ ಕೂಲಿ ಹೆಚ್ಚು, ಯಾವ ತಿಂಗಳಲ್ಲಿ ಸಾಲ ಹೆಚ್ಚು ಎಂಬುದನ್ನು ಅವರೆ, ಹುರುಳಿ ಕಾಳುಗಳನ್ನು ಗುಡ್ಡೆಯಿಟ್ಟು ತೋರಿಸುತ್ತಾರೆ. ಅಕ್ಷರ ಬಾರದವರೂ ಇದರಲ್ಲಿ ಪಂಡಿತರೇ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಚೇಂಬರ್ಸ್ ಈ ಪದ್ಧತಿಯನ್ನು ಲೋಕಕ್ಕೆಲ್ಲ ಪ್ರಚುರಪಡಿಸಿದವರು. 1980ರ ದಶಕದ ಕೊನೆಯಲ್ಲಿ ಭಾರತದಲ್ಲಿ ಇದನ್ನು ಮೊದಮೊದಲು ಬಳಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಮೈರಾಡ ಒಂದು.

ಮೈರಾಡದ ಹೆಸರು ನಮ್ಮ ಸೀಮೆಯವರಿಗೆ ಹೊಸದಲ್ಲ. 1968ರಲ್ಲಿ ಆರಂಭವಾಗಿ, ಮೊದಲಿಗೆ ಕರ್ನಾಟಕದಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಯ ಕೆಲಸ ಮಾಡಿದ ಸಂಸ್ಥೆ ಇದು. 1980ರ ದಶಕದ ನಡುವಿನಲ್ಲಿ ಸಹಕಾರ ಸಂಘಗಳು ಕುಸಿದುಬಿದ್ದ ಕೆಲವು ಹಳ್ಳಿಗಳಲ್ಲಿ, ಜನ ತಮಗೆ ನಂಬಿಕೆಯಿರುವ ಹದಿನೈದಿಪ್ಪತ್ತು ಮಂದಿಯ ಸಣ್ಣ ಗುಂಪುಗಳಾಗಿ ಕುಳಿತು ವ್ಯವಹಾರ ಮಾಡಲು ಬಯಸಿದುದನ್ನು ಅದರ ಕಾರ್ಯಕರ್ತರು ಗಮನಿಸಿದರು. ಗಮನಿಸಿ, ಆ ಗುಂಪುಗಳನ್ನೇ ಬೆಳೆಯಗೊಟ್ಟರು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳನ್ನು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಹೊರಟಿತು. ಇಂದು ದೇಶದ ಮೂಲೆ ಮೂಲೆಗಳಲ್ಲಿರುವ ಸ್ವಸಹಾಯ ಸಂಘಗಳ ಪೂರ್ವಕಥೆಯಲ್ಲಿ ಇದೊಂದು ಮುಖ್ಯ ಅಧ್ಯಾಯ. ಇನ್ನೊಂದು ಅಧ್ಯಾಯವಂತೂ ನಮ್ಮ ಮನೆಯಂಗಳದ್ದೇ. ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ತಮಿಳುನಾಡು ಸರಕಾರವು 1989ರಲ್ಲಿ ಮಹಿಳಾ ಅಭಿವೃದ್ಧಿ ಯೋಜನೆಯನ್ನು ಮೊಟ್ಟಮೊದಲು ಆರಂಭಿಸಿದ್ದು ಧರ್ಮಪುರಿ ಜಿಲ್ಲೆಯಲ್ಲಿ. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಾದ್ದರಿಂದ, ಅಂದಿನ ಧರ್ಮಪುರಿ ಜಿಲ್ಲೆಯೆಂದರೆ ನಾವೂ ಸೇರಿ. ಇಡೀ ರಾಜ್ಯಕ್ಕೆ ಹಬ್ಬಿದ 'ಮಹಳಿರ್ ತಿಟ್ಟಂ' ಆ ಬೀಜದಿಂದ ಬೆಳೆದದ್ದು.

ನಮ್ಮ ತಾಯಂದಿರು ವಾರಕ್ಕೊಮ್ಮೆ ಕುಳಿತು ಐದೋ ಹತ್ತೋ ರೂಪಾಯಿ ಕೂಡಿಸಿ, ಬಡ್ಡಿಯ ದರವನ್ನು ತಾವೇ ಗೊತ್ತುಮಾಡಿ, ಯಾರಿಗೆ ಸಾಲ ಮೊದಲು ಎಂದು ವಾದಿಸಿ, ನಡಾವಳಿ ಪುಸ್ತಕಕ್ಕೆ ಸಹಿ ಮಾಡುವುದನ್ನು ಕಂಡಾಗ, ನನ್ನ ಸ್ಲೇಟುಗಳಿಂದ ಆಗದ ಅಕ್ಷರಾಭ್ಯಾಸ ಇಲ್ಲಿ ಆಗುತ್ತಿದೆಯಲ್ಲ ಎಂದು ಅಚ್ಚರಿಪಟ್ಟಿದ್ದೆ. ಸಹಿ ಹಾಕಲು ಒಂದು ಕಾರಣ ಬೇಕಿತ್ತು. 1990ರ ದಶಕದಲ್ಲಿ ಇಂತಹ ಸಂಘಗಳ ಹೆಣ್ಣುಮಕ್ಕಳೇ ಷೇರುದಾರರಾಗಿ, ಮೈರಾಡದ ಬೆಂಬಲದಿಂದ 'ಮೆಡೋ' ಎಂಬ ಕಂಪೆನಿಯನ್ನು ಕಟ್ಟಿಕೊಂಡು, ಹೊಸೂರಿನ ಟೈಟಾನ್ ಕಾರ್ಖಾನೆಗೆ ಕೈಗಡಿಯಾರದ ಪಟ್ಟಿಗಳನ್ನು ಜೋಡಿಸಿಕೊಡುವ ಕೆಲಸ ಹಿಡಿದರು. ನಮ್ಮ ಊರಿನ ರಾಗಿ ಹೊಲಗಳ ನಡುವಿನಿಂದ ಹೋದ ಹುಡುಗಿಯರ ಕಥೆಯನ್ನು ದೂರದ ವಿದ್ಯಾರ್ಥಿಗಳು ಅಧ್ಯಯನ ಮಾಡಲು ಬರುವಾಗ, ನಮ್ಮ ಮಕ್ಕಳು ಅದನ್ನು ಓದಲಾರದ ಪಾಠವೆಂದು ಹಿಂಜರಿಯುವುದು ನನಗೆ ಸರಿತೋರದು.

ಓದುವುದೆಲ್ಲಿ ಎಂಬುದಕ್ಕೆ ಬರುತ್ತೇನೆ. ಈ ಶಾಸ್ತ್ರದ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಆರಂಭವಾಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. 1952ರಲ್ಲಿ ಮೇರಿ ಕ್ಲಬ್‌ವಾಲಾ ಜಾಧವ್ ಅವರು ಮದರಾಸಿನಲ್ಲಿ, 1960ರಲ್ಲಿ ಮಂಗಳೂರಿನ ರೋಶನಿ ನಿಲಯದವರು ಇಂತಹ ಶಾಲೆಗಳನ್ನು ತೆರೆದರು. ದಿಂಡಿಗಲ್ಲಿನ ಬಳಿಯ ಗಾಂಧಿಗ್ರಾಮದ ವಿಷಯವಾಗಿ ಒಂದು ಮಾತು ಹೆಚ್ಚಾಗಿ ಹೇಳಬೇಕು. ಟಿ.ವಿ.ಎಸ್. ಎಂಬ ಮೂರಕ್ಷರ ಹೊಸೂರಿನಲ್ಲಿ ಮಕ್ಕಳಿಗೂ ಗೊತ್ತು. ಆ ಸಂಸ್ಥೆಯ ಸ್ಥಾಪಕರಾದ ಟಿ.ವಿ. ಸುಂದರಂ ಅಯ್ಯಂಗಾರ್ ಅವರ ಮಗಳು ಡಾ. ಸೌಂದರಂ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಮುಂದೆ ವೈದ್ಯಶಾಸ್ತ್ರವನ್ನು ಓದಿ, ಗಾಂಧೀಜಿಯವರ ಅನುಯಾಯಿಯಾದ ಡಾ. ಜಿ. ರಾಮಚಂದ್ರನ್ ಅವರನ್ನು ವರಿಸಿ, ದಂಪತಿಗಳಿಬ್ಬರೂ 1947ರಲ್ಲಿ ಗಾಂಧಿಗ್ರಾಮವನ್ನು ಕಟ್ಟಿದರು. 1956ರಲ್ಲಿ ಅಲ್ಲಿ ಗ್ರಾಮೀಣ ವಿದ್ಯಾಸಂಸ್ಥೆ ಬಂತು. 1976ರಿಂದ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆಯಿದೆ. ಕರ್ನಾಟಕದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ 2016ರಲ್ಲಿ ಗದಗಿನಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ನಮಗೆ ಹತ್ತಿರದ ಸರ್ಜಾಪುರದ ಬಳಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದ್ದು, ಅಲ್ಲಿ ಅಭಿವೃದ್ಧಿ ವಿಷಯದಲ್ಲಿ ಎಂ.ಎ. ಉಂಟು, ಕುಟುಂಬದ ಆದಾಯವನ್ನು ನೋಡಿ ಧನಸಹಾಯವನ್ನೂ ಕೊಡುತ್ತಾರೆ. ಕೆಲಸದಲ್ಲಿದ್ದುಕೊಂಡು ಓದುವವರಿಗೆ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಗ್ರಾಮೀಣಾಭಿವೃದ್ಧಿ ಎಂ.ಎ. ಇದೆ.

ಇಲ್ಲಿ ಪೋಷಕರ ದೊಡ್ಡ ಭಯ ಮಾಧ್ಯಮದ್ದು. ಮುಂಬಯಿ, ಚೆನ್ನೈ, ಸರ್ಜಾಪುರ ಎಲ್ಲ ಕಡೆಯೂ ಪಾಠ ಇಂಗ್ಲಿಷಿನಲ್ಲಿ. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಈ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಸೇರುವ ಮುನ್ನವೇ ಇದನ್ನು ಬಾಯಿಮಾತಿನಲ್ಲಲ್ಲದೆ ಲಿಖಿತ ನಿಯಮದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಇಂಗ್ಲಿಷು ಮೊದಲ ವರ್ಷ ಕಷ್ಟ ಕೊಡುತ್ತದೆ, ಕೊಡುವುದಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಕ್ಷೇತ್ರಕಾರ್ಯದ ದಿನ ತಕ್ಕಡಿ ನಮ್ಮ ಮಕ್ಕಳ ಕಡೆಗೆ ವಾಲುತ್ತದೆ. ದೇಂಕಣಿಕೋಟೆ, ಅಂಚೆಟ್ಟಿಯ ಕಡೆ ಅಜ್ಜಿಯೊಬ್ಬಳು ತನ್ನ ಕಷ್ಟವನ್ನು ಕನ್ನಡದಲ್ಲಿ ಹೇಳುತ್ತಾಳೆ. ಪಕ್ಕದ ಮನೆಯಾಕೆ ತೆಲುಗಿನಲ್ಲಿ ದನಿಗೂಡಿಸುತ್ತಾಳೆ. ಅದು 'ಮನು'ವಾಗಿ ಸೋಮವಾರ ಕಲೆಕ್ಟರ್ ಕಚೇರಿಯನ್ನು ತಲುಪಬೇಕಾದರೆ ತಮಿಳಿನಲ್ಲಿರಬೇಕು. ವರದಿ ಇಂಗ್ಲಿಷಿನಲ್ಲಿ. ಈ ನಾಲ್ಕು ಮೆಟ್ಟಿಲನ್ನೂ ಹತ್ತಿಳಿಯಬಲ್ಲವರು ಹೊರಗಿನಿಂದ ಬರುವುದು ಅಪರೂಪ. ನಮ್ಮ ಶಾಲೆಯ ಮಕ್ಕಳು ಮೂರನ್ನು ಆಟವಾಡುತ್ತಲೇ ಕಲಿತಿರುತ್ತಾರೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ನಮ್ಮ ಶಾಲೆಗಳಿಗೆ ಬಂದ ಆತಂಕಗಳು ಓದುಗರಿಗೆ ತಿಳಿದೇ ಇವೆ, ಅದರ ಚರ್ಚೆಗೆ ಇದು ಸ್ಥಳವಲ್ಲ. ಕನ್ನಡವನ್ನು ಕಳೆದುಕೊಳ್ಳದೆ ಕಲಿತ ತಮಿಳು ಈ ವೃತ್ತಿಯಲ್ಲಿ ನಷ್ಟವಾಗದು ಎಂದಷ್ಟೇ ಹೇಳುತ್ತೇನೆ.

ಸಂಬಳದ ಮಾತನ್ನು ಮುಚ್ಚಿಡಬಾರದು. ಸ್ವಯಂಸೇವಾ ಸಂಸ್ಥೆಗಳ ಕೆಲಸ ಬಹುಪಾಲು ಯೋಜನೆ ಇರುವವರೆಗೆ. ಹಣ ನಿಂತರೆ ಹುದ್ದೆಯೂ ನಿಲ್ಲುತ್ತದೆ. ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ಈ ವೃತ್ತಿಗೆ ಕಾವಲಾಗಿ ನಿಲ್ಲುವ ಮಂಡಳಿಯಿಲ್ಲದ ಕಾರಣ, ಪದವಿಯಿಲ್ಲದವರೊಡನೆಯೂ ಪೈಪೋಟಿ ಇರುತ್ತದೆ. ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸಿನ ಚಿಂತೆ ಬೇರೆ. ಇನ್ನೊಂದು ಕಡೆ, 2014ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚಮಾಡಬೇಕೆಂಬ ಕಾನೂನು ಜಾರಿಗೆ ಬಂದ ಮೇಲೆ, ಕಾರ್ಖಾನೆಗಳಿಂದ ತುಂಬಿದ ನಮ್ಮ ಹೊಸೂರಿನಂತಹ ಕಡೆ ಇಂತಹ ಪದವೀಧರರಿಗೆ ಹೊಸ ಬಾಗಿಲು ತೆರೆದಿದೆ. ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ, ಮಹಿಳಾ ಸಂಘಗಳ ಯೋಜನೆಗಳಲ್ಲಿಯೂ ಹುದ್ದೆಗಳಿವೆ. ಪದವಿ ಕರುಣೆಯನ್ನು ಹುಟ್ಟಿಸುವುದಿಲ್ಲ. ನಾನು ಕಂಡ ಉತ್ತಮ ಕಾರ್ಯಕರ್ತರಲ್ಲಿ ನಾಲ್ಕನೆಯ ತರಗತಿ ದಾಟದವರೂ ಇದ್ದಾರೆ. ಆದರೆ ಕರುಣೆಯಿದ್ದೂ ಕ್ರಮವರಿಯದವನು ಏನು ಮಾಡುತ್ತಾನೆಂಬುದನ್ನು ನನ್ನ ಲಾಟೀನಿನ ಕಥೆಯಲ್ಲಿ ಹೇಳಿದ್ದೇನೆ.

ಪೋಷಕರು ಈಗಲೇ ಮಾಡಬೇಕಾದ ಒಂದು ಕೆಲಸವಿದೆ. ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶಗಳನ್ನು ಕಲ್ಪಿಸಿರುವುದುಂಟು. ಅದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿದ ಬಗ್ಗೆ ಶಾಲೆಯ ಪ್ರಮಾಣಪತ್ರ ಬೇಕಾಗುತ್ತದೆ. ಮಗು ಶಾಲೆ ಬಿಡುವಾಗಲೇ ಅದನ್ನು ಮುಖ್ಯೋಪಾಧ್ಯಾಯರಿಂದ ಪಡೆದು, ಎರಡು ಪ್ರತಿ ಮಾಡಿಸಿ ಇಟ್ಟುಕೊಳ್ಳಿರಿ. ಪ್ರವೇಶದ ಕೊನೆಯ ದಿನ ಬೆಳಿಗ್ಗೆ ಓಡಿಬಂದ ತಂದೆಯರನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ.

ಹದಿನೈದು ದಿನಗಳ ಮೇಲೆ ತಂದೆ ಮಗಳು ಮತ್ತೆ ಬಂದಾಗ ಇಷ್ಟನ್ನೂ ಹೇಳಿ, ಸಂಬಳದ ವಿಷಯವನ್ನು ಎರಡು ಸಲ ಹೇಳಿ, "ಓದಲಿ ಬಿಡಪ್ಪಾ" ಎಂದೆ. ಹುಡುಗಿ ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಎರಡನೆಯ ಸೆಮಿಸ್ಟರಿನಲ್ಲಿದ್ದಾಳೆ. ಕಳೆದ ತಿಂಗಳು ರಜೆಗೆ ಬಂದವಳು ಗ್ರಾಮೀಣ ಶಿಬಿರದ ವರದಿಯನ್ನು ತಂದು ತೋರಿಸಿದಳು. ಶಿಬಿರ ನಡೆದದ್ದು ನನ್ನ ರಾತ್ರಿ ಶಾಲೆಯ ಹಳ್ಳಿಗೆ ಎರಡು ಮೈಲಿ ದೂರದ ಊರಿನಲ್ಲಿ. ಹೆಂಗಸರು ರಂಗೋಲಿಯಲ್ಲಿ ಬಿಡಿಸಿದ ನಕ್ಷೆಯನ್ನು ಅವಳು ಕಾಗದಕ್ಕೆ ಇಳಿಸಿಕೊಂಡಿದ್ದಳು. ನಾನು ಅಭ್ಯಾಸಬಲದಿಂದ ಮೊದಲು ಶಾಲೆಯನ್ನು ಹುಡುಕಿದೆ. ಅದು ಒಂದು ಮೂಲೆಯಲ್ಲಿ ಕಿರುಬೆರಳಿನಷ್ಟಿತ್ತು. ನಡುವೆ ದೊಡ್ಡದಾಗಿ ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಕಾಳುಗಳ ಗುಡ್ಡೆಗಳ ಗುರುತು. "ಇದೇನಮ್ಮಾ?" ಎಂದು ಕೇಳಿದೆ.

"ಯಾವ ಹೊತ್ತಲ್ಲಿ ಎಷ್ಟು ಜನ ನೀರಿಗೆ ನಿಲ್ಲುತ್ತಾರೆ ಅಂತ ಅವರೇ ಇಟ್ಟು ತೋರಿಸಿದ್ದು ತಾತಾ. ಸಂಜೆ ಆರೂವರೆಯಿಂದ ಎಂಟರವರೆಗೆ ಊರಿನ ಹೆಂಗಸರೆಲ್ಲ ಅಲ್ಲೇ. ಆಮೇಲೆ ಹೋಗಿ ಮುದ್ದೆಗಿಡಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಬಿಡುವು. ನಾವು ಸಭೆ ಕರೆದಿದ್ದು ಆಗಲೇ, ನಲವತ್ತು ಜನ ಬಂದಿದ್ದರು" ಎಂದಳು.